ನಾನು ತಿರುವಿದ ಪುಟಗಳು

ಪಾಠಕ್ಕೆ ಒಂದು ಕೋಣೆ, ನಲವತ್ತೆರಡು ಮಕ್ಕಳು, ಒಂದು ಕಿಟಕಿ. ಆ ಕಿಟಕಿಗೂ ಗಾಜು ಹೋಗಿ ರಟ್ಟು ಹೊಡೆದಿದ್ರು. ಬೇಸಿಗೇಲಿ ಮಕ್ಕಳು ತಂಪಿಗೆ ಅಂತ ನೆಲಕ್ಕೆ ಹೊಟ್ಟೆ ಒತ್ಕೊಂಡು ಮಲ್ಗಿ ಬರೀತಿದ್ವು. ಆ ಶಾಲೇಲಿ ಕಸ ಹೊಡೆಯೋನು, ನೀರು ತುಂಬೋನು, ಕಕ್ಕಸು ತೊಳೆಯೋನು, ಎಲ್ಲಾ ನಾನೇ. ಇಪ್ಪತ್ತೆರಡು ವರ್ಷ ಆಯ್ತು, ಇನ್ನೂ ಟೆಂಪರ್ವರಿ. ಸತ್ತಮೇಲಾದ್ರೂ ಪರ್ಮನೆಂಟ್ ಮಾಡ್ತಾರೋ ಏನೋ.

ಓದು ಬರಹ ನಂಗೆ ಬರಲ್ಲ. ಮುಚ್ಚುಮರೆ ಯಾಕೆ, ಹೆಬ್ಬೆಟ್ಟಿನ ಗಿರಾಕಿ ನಾನು.

ನನ್ನ ಮೊಮ್ಮಗಳು ಅಲ್ಲೇ ಮೂರನೇ ಕ್ಲಾಸು. ಅಕ್ಷರ ಕಂಡ್ರೆ ಹೆದರೋಳು. ಒಬ್ರು ಮಿಸ್ಸು ಇದ್ರು, ಕಾಂಟ್ರಾಕ್ಟ್ ಮೇಲೆ. ಹಿಂದೆ ಬಿದ್ದ ಮಕ್ಕಳನ್ನ ದಿನಾ ಒಂದು ಗಂಟೆ ಪಕ್ಕದಲ್ಲಿ ಕೂರಿಸ್ಕೊಂಡು ಓದಿಸೋರು. ಮಗು ತಡವರಿಸಿದ್ರೆ ಬೈತಿರಲಿಲ್ಲ, ಸುಮ್ನೆ ಕಾಯೋರು. ಅವರ ಹತ್ರ ಕೂತ್ಮೇಲೆ ನಮ್ಮ ಹುಡುಗಿ ನಾಲ್ಕು ಅಕ್ಷರ ಕೂಡಿಸೋಕೆ ಶುರು ಮಾಡಿದ್ಲು.

ಅಷ್ಟರಲ್ಲಿ ಮೇಲಿನ ಆಫೀಸಿಂದ ಟ್ಯಾಬು ಬಂದ್ವು. ಹತ್ತು. ಮಕ್ಕಳಿಗೆ ಓದು ಕಲ್ಸೋಕಂತೆ. ಶಾಲೇಲಿ ಪ್ಲಗ್ ಪಾಯಿಂಟ್ ಇರೋದು ಒಂದೇ, ಹೆಡ್ ಮೇಷ್ಟ್ರ ರೂಮಲ್ಲಿ. ಒಡೆದ್ರೆ ತಮ್ಮ ತಲೆಗೆ ಬರುತ್ತೆ ಅಂತ ಅವರು ಬೀರುವಿಗೆ ಹಾಕಿ ಬೀಗ ಜಡಿದ್ರು. ಆದ್ರೆ ಆ ಯಂತ್ರ ದೊಡ್ಡ ಚಾಡಿಕೋರ. ಯಾವ ಮಗು ಎಷ್ಟು ಪುಟ ತಿರುವಿತು ಅಂತ ಮೇಲಿನ ಆಫೀಸಿಗೆ ತಾನೇ ಹೇಳುತ್ತೆ. ಎರಡನೇ ವಾರಕ್ಕೆ ಫೋನ್ ಬಂತು, ನಿಮ್ಮ ಶಾಲೇದು ಸೊನ್ನೆ ಅಂತ.

ಸಂಜೆ ಮಕ್ಕಳು ಹೋದ್ಮೇಲೆ ಹೆಡ್ ಮೇಷ್ಟ್ರು ನನ್ನ ಕರೆದ್ರು.

"ಅಜ್ಜ, ಕೂತ್ಕೊಂಡು ಇವನ್ನ ಸ್ವಲ್ಪ ತಿರುವು."

"ನಂಗೆ ಓದೋಕೆ ಬರಲ್ವಲ್ಲ ಸಾರ್."

"ಓದು ಅಂದ್ನಾ ನಾನು? ತಿರುವು ಅಂದೆ."

ಟ್ಯಾಬಲ್ಲಿ ಪ್ರತಿ ಮಗುವಿಗೂ ಒಂದು ಚಿತ್ರದ ಗುರುತು. ಬೆಕ್ಕು, ಡೋಲು, ಆಮೆ, ಛತ್ರಿ. ಗುರುತು ಒತ್ತೋದು, ಪುಟ ಸರಿಸೋದು. ಒಂದು ಗಿಳಿ ಬಂದು "ಶಭಾಷ್" ಅನ್ನುತ್ತೆ. ಮುಗೀತು, ಮಗು ಓದಿದ ಹಾಗೆ. ಎರಡು ತಿಂಗಳು ದಿನಾ ತಿರುವಿದೆ. ಛತ್ರಿ ನನ್ನ ಮೊಮ್ಮಗಳದು. ನಿಜ ಹೇಳ್ತೀನಿ, ಅವಳಿಗೆ ಹತ್ತು ಪುಟ ಜಾಸ್ತಿನೇ ತಿರುವ್ತಿದ್ದೆ. ನಮ್ಮ ಹುಡುಗಿ ಮುಂದೆ ಬರ್ಲಿ ಅನ್ನೋ ಆಸೆ. ಕತ್ತೆಗೆ ವಯಸ್ಸಾದ ಮಾತ್ರಕ್ಕೆ ಬುದ್ಧಿ ಬರುತ್ತಾ?

ಒಂದಿನ ಮಿಸ್ಸು ನೀರಿನ ತೊಟ್ಟಿ ಹತ್ರ ಬಂದ್ರು. ಕೈಯಲ್ಲಿ ಕಾಗದ.

"ಅಜ್ಜ, ಈ ತಿಂಗಳಿಗೆ ನನ್ನ ಕೆಲಸ ಮುಗೀತು."

"ಯಾಕಮ್ಮ?"

"ಮಕ್ಕಳು ಟ್ಯಾಬಲ್ಲಿ ತಾವೇ ಓದ್ಕೊಳ್ತಿದಾವಂತೆ. ಓದ್ಸೋರು ಇನ್ನು ಬೇಡ್ವಂತೆ. ನಿಮ್ಮ ಮೊಮ್ಮಗಳೇ ಫಸ್ಟಂತೆ, ಸಾವಿರದ ಇನ್ನೂರು ಪುಟ. ನನ್ನ ಮುಂದೆ ನಾಲ್ಕು ಸಾಲಿಗೆ ಕಣ್ಣೀರು ಹಾಕ್ತಾಳೆ. ಇದೇನಜ್ಜ?"

ನಾನು ಪೊರಕೆ ಕಡ್ಡಿ ಸರಿ ಮಾಡ್ತಾ ನಿಂತೆ. ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ಇಲ್ಲಿ ಮಾಡಿದ್ದು ನಾನು, ಉಣ್ಣೋದು ಆ ಹೆಣ್ಮಗಳು.

ಸೋಮವಾರ ಆಫೀಸಿನ ಸಾಹೇಬ್ರು ಬಂದ್ರು, ಫಸ್ಟ್ ಬಂದ ಮಗುವಿಗೆ ಸರ್ಟಿಫಿಕೇಟ್ ಕೊಡೋಕೆ. ತಾಯಂದಿರನ್ನೂ ಕರೆಸಿದ್ರು. ಬಟ್ಟೆ ಫ್ಯಾಕ್ಟರಿಗೆ ಅರ್ಧ ದಿನ ರಜ ಹಾಕಿ ಬಂದೋರು, ಒಳಗೆ ಜಾಗ ಇಲ್ದೆ ಬಾಗಿಲಲ್ಲಿ ನಿಂತಿದ್ರು.

ಸಾಹೇಬ್ರು ಮೊಮ್ಮಗಳ ಕೈಗೆ ಟ್ಯಾಬು ಕೊಟ್ರು. "ಜೋರಾಗಿ ಓದು ಪುಟ್ಟಿ."

ಅವಳು ತುಟಿ ಕಚ್ಕೊಂಡು ನಿಂತ್ಲು.

"ನಾಚ್ಕೊಳ್ತಾಳೆ ಸರ್," ಅಂದ್ರು ಹೆಡ್ ಮೇಷ್ಟ್ರು.

ನನ್ನ ಕೈಲಿ ತಡ್ಕೊಳ್ಳೋಕೆ ಆಗ್ಲಿಲ್ಲ. "ನಾಚ್ಕೆ ಅಲ್ಲ ಸಾಹೇಬ್ರೆ. ಅವಳಿಗೆ ಬರಲ್ಲ. ಆ ಪುಟ ಎಲ್ಲಾ ತಿರುವಿದ್ದು ನಾನು."

"ಅಜ್ಜ, ಹೊರಗೆ ನಡಿ," ಅಂದ್ರು ಹೆಡ್ ಮೇಷ್ಟ್ರು.

ನಡೀಲಿಲ್ಲ. ಟ್ಯಾಬು ಇಸ್ಕೊಂಡು ಟಕಟಕ ಅಂತ ಇಪ್ಪತ್ತು ಪುಟ ತಿರುವಿದೆ. ಗಿಳಿ ಶಭಾಷ್ ಶಭಾಷ್ ಅಂತ ಒದರ್ತು. "ನೋಡಿ, ನಂಗೆ ಅ ಆ ಬರಲ್ಲ. ಇದರ ಪ್ರಕಾರ ನಾನೂ ಪಂಡಿತ. ಇದನ್ನ ನಂಬಿ ಓದ್ಸೋ ಮಿಸ್ಸನ್ನ ಮನೆಗೆ ಕಳಿಸ್ತಿದ್ದೀರಿ."

ಬಾಗಿಲಲ್ಲಿ ನಿಂತಿದ್ದ ಗುಂಡಿ ಹೊಲಿಯೋ ಹೆಂಗಸು ಕೇಳಿದ್ಲು, "ನನ್ನ ಮಗಂದೂ ನೀನೇನಾ ಅಜ್ಜ?"

"ಆಮೆ ತಾನೇ? ಅದೂ ನಾನೇ ತಾಯಿ."

ಸಾಹೇಬ್ರು ಕೂಗಾಡ್ಲಿಲ್ಲ. ದೊಡ್ಡೋರು ಕೂಗಾಡಲ್ಲ, ಬರೆಸ್ತಾರೆ. ಹೆಡ್ ಮೇಷ್ಟ್ರ ಕಿವೀಲಿ ಏನೋ ಅಂದ್ರು. ಕಾಗದ ತಯಾರಾಯ್ತು, ಮಸಿ ಪ್ಯಾಡ್ ಬಂತು.

"ಇಲ್ಲಿ ಒತ್ತು ಅಜ್ಜ. ನಿನ್ನ ಕೆಲಸ ಉಳಿಯುತ್ತೆ," ಅಂತ ಸಾಹೇಬ್ರು ಕಾಗದ ಮುಂದೆ ಹಿಡಿದ್ರು.

"ಏನು ಬರ್ದಿದೆ?"

"ನಡೆದಿದ್ದೇ ಬರ್ದಿದೆ."

"ಹಾಗಾದ್ರೆ ಓದಿ."

ಓದ್ತೀನಿ ಅಂತ ಮಿಸ್ಸು ಕೈ ಚಾಚಿದ್ರು, ಸಾಹೇಬ್ರು ಕಾಗದ ಹಿಂದಕ್ಕೆ ಎಳ್ಕೊಂಡ್ರು. ನಾನು ಅವರ ಕೈಯಿಂದ ಕಿತ್ಕೊಂಡು ಮೊಮ್ಮಗಳಿಗೆ ಕೊಟ್ಟೆ.

"ಓದು ಮಗಳೆ. ಇವರೇ ನಿನ್ನ ಫಸ್ಟ್ ಅಂತ ಕರೆದಿದಾರೆ, ಬೇಡ ಅನ್ನೋಕಾಗಲ್ಲ."

ಮಿಸ್ಸು ಪಕ್ಕದಲ್ಲಿ ನೆಲಕ್ಕೆ ಕೂತ್ರು. ಹುಡುಗಿ ಕಣ್ಣೊರೆಸ್ಕೊಂಡು ಶುರು ಮಾಡಿದ್ಲು. "ಟ್ಯಾ... ಬ್... ಗ... ಳ..." ಒಂದು ಸಾಲಿಗೆ ಎಷ್ಟು ಹೊತ್ತಾಯ್ತು ಅಂತೀರಿ. ಉಳಿದ ನಲವತ್ತೊಂದು ಮಕ್ಕಳು ಕತ್ತು ಉದ್ದ ಮಾಡಿ ಕೇಳ್ತಿದ್ವು. "ದು... ರು... ಪ... ಯೋ... ಗ."

"ದುರುಪಯೋಗ ಮಾಡಿದ್ದು ಯಾರು ಅಂತ ಬರ್ದಿದಾರಮ್ಮ?" ಅಂದೆ.

"ತಡಿ ಅಜ್ಜ, ಇನ್ನೂ ಅಲ್ಲಿಗೆ ಬಂದಿಲ್ಲ."

ಸಾಹೇಬ್ರು ಗಡಿಯಾರ ನೋಡ್ಕೊಂಡು ಎದ್ರು. "ನಂಗೆ ಮೀಟಿಂಗ್ ಇದೆ."

ತಾಯಂದಿರು ಜರುಗ್ಲಿಲ್ಲ. ಗುಂಡಿ ಹೊಲಿಯೋಳು ಬಾಗಿಲಿಗೆ ಅಡ್ಡ ಕೈ ಇಟ್ಟು ಮೆಲ್ಲಗೆ ಅಂದ್ಲು,

"ಕೂತ್ಕೊಳ್ಳಿ ಸಾಹೇಬ್ರೆ. ಮಗು ಓದ್ತಿದೆ."