ಈ ವರ್ಷ ಎದ್ದೇ ಏಳುತ್ತೆ

"ಸರಳ ಜೀವಿ, ಯಾರ ಮನಸ್ಸೂ ನೋಯಿಸಿದವರಲ್ಲ" ಎಂಬಲ್ಲಿಗೆ ಬಂದಿದ್ದ ವಿಭಾಗದ ಮುಖ್ಯಸ್ಥರ ಜೇಬು ಗುಂಯ್ ಎಂದಿತು. ಸತ್ತವನ ಗುಣಗಾನ ಅರ್ಧಕ್ಕೇ ಬಿಟ್ಟು ಅವರು ಫೋನು ನೋಡಿದರು. ಇಸ್ತ್ರಿ ಹೊಡೆದಂತೆ ಮುಖದ ದುಃಖದ ಸುಕ್ಕೆಲ್ಲ ಮಾಯವಾಯಿತು. ಮುಂದಿನ ಸಾಲಿನ ಸಹೋದ್ಯೋಗಿಗಳ ಜೇಬುಗಳೂ ಒಂದರ ಹಿಂದೊಂದು ಗುಂಯ್‌ಗುಟ್ಟಿದವು. ಚಿತಾಗಾರದ ಆ ಹಾಲಿನಲ್ಲಿ ಹೆಣದ ತಲೆಯ ಬಳಿ ಕೂತಿದ್ದ ಹೆಂಡತಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಸವತಿ ಎದ್ದಿದ್ದಳು.

*

ಸವತಿಯೆಂದು ಅವಳು ಹೆಸರಿಟ್ಟಿದ್ದು ಗಂಡ ವರ್ಷಗಟ್ಟಲೆ ಬೆನ್ನುಹತ್ತಿದ್ದ ಒಂದು ನ್ಯೂಟ್ರಾನ್ ನಕ್ಷತ್ರಕ್ಕೆ. ಅಗಲ ಒಂದು ಪಟ್ಟಣದಷ್ಟು, ತೂಕ ಸೂರ್ಯನಿಗಿಂತ ಹೆಚ್ಚು. ಜೊತೆಯ ನಕ್ಷತ್ರದ ಮೈಯಿಂದ ಅನಿಲ ಎಳೆದುಕೊಂಡು ಬದುಕುವಂಥದ್ದು. ಎಳೆದದ್ದು ನೇರ ಬೀಳುವುದಿಲ್ಲ. ಸುತ್ತಲೂ ತಟ್ಟೆಯಾಗಿ ತಿರುಗುತ್ತ ವರ್ಷಗಟ್ಟಲೆ ತುಂಬುತ್ತದೆ. ತುಂಬಿದ ಮೇಲೆ ಒಂದು ದಿನ ಕಾದು, ಒಳಕ್ಕೆ ಸುರಿದು, ಎಕ್ಸ್-ರೇಯಲ್ಲಿ ಭುಗಿಲೇಳುತ್ತದೆ. ಗಂಡ ಇದನ್ನು ಮದುವೆಮನೆಗಳಲ್ಲಿ ಹೇಳಿದ್ದ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ಹೇಳಿದ್ದ. ಪ್ರತಿ ವರ್ಷವೂ "ಈ ವರ್ಷ ಎದ್ದೇ ಏಳುತ್ತೆ" ಎನ್ನುತ್ತಿದ್ದ. ಅವನು ಬರುವುದು ಕಂಡರೆ ಜನ ಚಪ್ಪಲಿ ಹುಡುಕುತ್ತಿದ್ದರು.

ವಿಭಾಗದ ಊಟವೊಂದರಲ್ಲಿ ಮುಖ್ಯಸ್ಥರು ಅವಳಿಗೇ ಹೇಳಿದ್ದರು: "ನಿಮ್ಮ ಯಜಮಾನರ ನಕ್ಷತ್ರ ನಮ್ಮನ್ನೆಲ್ಲ ಕಳಿಸಿಕೊಟ್ಟೇ ಏಳೋದು ಮೇಡಂ." ಬಾಯಿ ತುಂಬ ಅನ್ನವಿದ್ದವರೂ ನಕ್ಕರು. ಗಂಡನೂ ನಕ್ಕ. ಮನೆಗೆ ಬಂದು, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಇದ್ದ.

*

ಮುಖ್ಯಸ್ಥರು ಅವಳ ಪಕ್ಕ ಕುಕ್ಕರಗಾಲಿನಲ್ಲಿ ಕೂತರು. ಅದು ಎದ್ದಿದೆಯಂತೆ. ಎದ್ದ ಕೂಡಲೇ ದೂರದರ್ಶಕ ತಿರುಗಿಸಿ ಎಂದು ಕೇಳುವ ಹಕ್ಕು ಸತ್ತವನ ಹೆಸರಿನಲ್ಲಿದೆಯಂತೆ. ಸಾವಿನ ಸುದ್ದಿ ದೂರದರ್ಶಕದವರಿಗಿನ್ನೂ ಮುಟ್ಟಿಲ್ಲವಂತೆ. ಈಗಲೇ ಕೇಳದಿದ್ದರೆ ಬೇರೆ ದೇಶದವರ ಪಾಲಂತೆ. ಕೇಳಲು ಬೇಕಾದ ಒಟಿಪಿ ಅವನ ಫೋನಿಗೇ ಬರುತ್ತದಂತೆ.

"ಫೋನ್ ನನ್ನ ಹತ್ರ ಇದೆ," ಎಂದಳು. "ಆದ್ರೆ ಇವರ ಹೆಬ್ಬೆಟ್ಟಿಗೇ ತೆಗೆಯೋದು."

ಮುಖ್ಯಸ್ಥರು ಹೆಣದ ಕಡೆ ನೋಡಿದರು. "ಅದಕ್ಕೇನಂತೆ, ಇಲ್ಲೇ ಇದ್ದಾರಲ್ಲ."

"ಮೊದಲು ನಿಮ್ಮ ಮಾತು ಮುಗಿಸಿ ಸರ್. ಇವರು ಹೇಳ್ತಿದ್ದಿದ್ದು ಸರಿ ಅಂತ ಎಲ್ಲರ ಎದುರಿಗೆ ಹೇಳಿ."

"ಲೇಖನದಲ್ಲೇ ಹಾಕ್ತೀವಲ್ಲ ಮೇಡಂ."

"ಇವರು ಇನ್ನು ಲೇಖನ ಓದಲ್ಲ."

ಹೆಣ ಸುಡುವ ವಿದ್ಯುತ್ ಕುಲುಮೆಯವನು ಬಾಗಿಲಿಂದ ತಲೆ ಹಾಕಿ, ಮುಂದಿನ ಸರದಿ ಇವರದೇ ಎಂದ. ಮುಖ್ಯಸ್ಥರು ಎದ್ದು, ರೈಲಿನ ಪ್ಲಾಟ್‌ಫಾರಂ ಬದಲಾಗಿದೆ ಎನ್ನುವ ದನಿಯಲ್ಲಿ, ಅಗಲಿದವರ ಲೆಕ್ಕ ಸರಿಯಿತ್ತು, ತಾವು ನಕ್ಕದ್ದು ತಪ್ಪು ಎಂದು ಒದರಿ ಕೈ ಚಾಚಿದರು. ಅವಳು ಫೋನು ಕೊಟ್ಟಳು. ನಸುಕಿನಲ್ಲಿ ನಾದಿನಿಯ ನಂಬರಿಗಾಗಿ ತಾನೇ ಆ ಬೆರಳು ಒತ್ತಿ ನೋಡಿದ್ದಳು. ತಣ್ಣಗಾದ ಬೆರಳನ್ನು ಫೋನು ಗುರುತಿಸಿರಲಿಲ್ಲ. ಅದನ್ನು ಹೇಳಲಿಲ್ಲ.

ಮುಖ್ಯಸ್ಥರು ಒತ್ತಿದರು. ಒರೆಸಿ ಒತ್ತಿದರು. ಕೊನೆಗೆ ಮಂಡಿಯೂರಿ, ಆ ಕೈಯನ್ನು ತಮ್ಮೆರಡೂ ಅಂಗೈಗಳ ನಡುವೆ ಇಟ್ಟುಕೊಂಡು ಉಜ್ಜತೊಡಗಿದರು. ಕಣ್ಣಲ್ಲಿ ನೀರಾಡಿತು.

ಹಿಂದೆ ನಿಂತಿದ್ದ ನಾದಿನಿ ಮೂಗೊರೆಸಿಕೊಂಡಳು. "ನೋಡಿ ಅತ್ತಿಗೆ, ಅಣ್ಣನ್ನ ಎಷ್ಟು ಹಚ್ಕೊಂಡಿದ್ರು."

ಕುಲುಮೆಯವನು ಗಾಲಿಮಂಚ ತಳ್ಳಿದ. ಮುಖ್ಯಸ್ಥರು ಕೈ ಬಿಡಲಿಲ್ಲ. ಸತ್ತವನ ಹೆಬ್ಬೆರಳಿಗೆ ಹಾ ಹಾ ಎಂದು ಬಿಸಿಯುಸಿರು ಊದುತ್ತ, ಕುಲುಮೆಯ ಬಾಗಿಲವರೆಗೂ ಜೊತೆಯಲ್ಲೇ ಓಡಿದರು.