ಕಾನಿಯೋ ಕೊಂಪಾರೆಯಾದದ್ದು

ವಿಧವೆ ಅಸುಂತಾಳನ್ನು ಮದುವೆಗೆ ಕೇಳಿಯೇಬಿಡಬೇಕೆಂದು ಕಾನಿಯೋ ಗಡ್ಡ ಬೋಳಿಸಿಕೊಂಡ ದಿನವೇ ಅವಳ ಮಗ ಜೆರಾರ್ದೊ ಹಲ್ಲುಗಿಂಜುತ್ತ ಬಂದ.

"ಕಾನಿಯೋ ಮಾಮ, ನನ್ನ ಮಗಳ ಜ್ಞಾನಸ್ನಾನಕ್ಕೆ ನೀವೇ ಕೊಂಪಾರೆ ಆಗ್ಬೇಕು."

ಕಾನಿಯೋ ಇಂಗು ತಿಂದ ಮಂಗನಂತಾದ. ಕೊಂಪಾರೆ ಎಂದರೆ ಮಗುವಿಗೆ ಧರ್ಮತಂದೆ, ಅದರ ಅಪ್ಪನಿಗೆ ಜೊತೆ-ಅಪ್ಪ. ಲ್ಯಾಟಿನ್ ಕಾಲದ ಪದ, ಅಷ್ಟೇ ಹಳೆಯ ಉರುಳು. ದಕ್ಷಿಣ ಇಟಲಿಯಲ್ಲಿ ಕರೆದರೆ ಒಲ್ಲೆ ಎನ್ನುವಂತಿಲ್ಲ. ಆದಮೇಲೆ ಆ ಮನೆಯ ಹೆಣ್ಣಿನ ಮೇಲೆ ಕಣ್ಣು ಹಾಕುವಂತಿಲ್ಲ, ನಡುವೆ ಜ್ಞಾನಸ್ನಾನದ ಸಂತ ಜುವಾನ್ನಿ ನಿಂತಿರುತ್ತಾನೆ. ತಾಯಿಯ ಮದುವೆ ತಪ್ಪಿಸಲು ಈ ಕಿಲಾಡಿ ಸ್ವರ್ಗದಿಂದಲೇ ಕಾವಲುಗಾರನನ್ನು ಕರೆಸಿದ್ದ.

ಕಾನಿಯೋ ಬಾರಿನಲ್ಲಿ ಗೋಳು ತೋಡಿಕೊಂಡ. "ಲಿಯಾನ್‌ನಲ್ಲಿ ಗಾರೆ ಕಲಸ್ತಿದ್ದೆನಲ್ಲ, ಅಲ್ಲಿ ಇದೇ ಪದ ಕೊಂಪೇರ್. ಜಾದೂಗಾರನ ಜೊತೆ ಸೇರಿ ಜನಕ್ಕೆ ಟೋಪಿ ಹಾಕೋನು ಅಂತ. ಅಲ್ಲೇ ಇದ್ದಿದ್ರೆ ಬಚಾವಾಗ್ತಿದ್ದೆ!"

"ಸೆವಿಲ್ಯಾದಲ್ಲಿ ಎದುರಿಗೆ ಕೂತು ಕುಡಿದೋರೆಲ್ಲ ಕೊಂಪಾದ್ರೆ," ಎಂದ, ಅಲ್ಲಿ ದುಡಿದು ಬಂದಿದ್ದ ಬಾರಿನ ನುಂಜಿಯೋ.

ಮುದುಕರನ್ನು ನೋಡಿಕೊಳ್ಳುವ ರೊಮಾನಿಯಾದ ದೊಯ್ನಾ ಕಾಫಿ ಹೀರಿದಳು. "ನಮ್ಮೂರಲ್ಲಿ ಕುಮಾತ್ರು. ಜ್ಞಾನಸ್ನಾನದ ಔತಣದಲ್ಲಿ ಅವನು ಏನು ಕೇಳಿದ್ರೂ ಇಲ್ಲ ಅನ್ನಂಗಿಲ್ಲ."

"ಅದು ಇಲ್ಲೂ ಹಂಗೇ," ಎಂದ ನುಂಜಿಯೋ.

ಕಾನಿಯೋ ಲೋಟ ಕೆಳಗಿಟ್ಟ. "ಹಂಗೇ ಅಲ್ವಾ?"

ಭಾನುವಾರ ಜ್ಞಾನಸ್ನಾನದಲ್ಲಿ ಕಾನಿಯೋ ಮಗುವನ್ನು ಎತ್ತಿಕೊಂಡ. ಅದು ಅವನ ಹೊಸ ಕೋಟಿನ ಮೇಲೆ ಕಕ್ಕಿತು. ಊಟಕ್ಕೆ ಕುರಿಮಾಂಸ ಬಂದಾಗ ಅವನು ಎದ್ದು ನಿಂತ.

"ಕೊಂಪಾರೆ ಜೆರಾರ್ದೊ, ಸಂತ ಜುವಾನ್ನಿ ಹೆಸರಲ್ಲಿ ಕೇಳ್ತಿದೀನಿ. ನಿಮ್ಮಮ್ಮನ್ನ ನನಗೆ ಮದುವೆ ಮಾಡ್ಕೊಡಿ."

ಇಲ್ಲ ಎಂದರೆ ಸಂತನಿಗೆ ಅವಮಾನ. ಹೂಂ ಎಂದರೂ ಸಂತನಿಗೆ ಅವಮಾನ. ಜೆರಾರ್ದೊ ಪಾದ್ರಿಯತ್ತ ನೋಡಿದ. ಪಾದ್ರಿಗಳು ಮೂಳೆ ಚೀಪುವುದರಲ್ಲಿ ಮುಳುಗಿದ್ದರು.

ಅಸುಂತಾ ಸೌಟು ಹಿಡಿದೇ ಬಂದಳು. "ಅವನೇನು ಕೊಡೋದು, ನೀನೇನು ಇಸ್ಕೊಳ್ಳೋದು? ನಾನೇನು ಕುರಿ ತೊಡೆನಾ? ಇಬ್ಬರು ಅಪ್ಪಂದಿರು ಸೇರ್ಕೊಂಡು ಪಾಪ ಆ ಸಂತನನ್ನ ನನ್ನ ಮಂಚದ ಕಾವಲಿಗೆ ಹಾಕಿದ್ರಿ. ನನ್ನನ್ನ ಒಬ್ಬರಾದ್ರೂ ಕೇಳಿದ್ರಾ?"

ಕಾನಿಯೋ ನಾಚಿಕೆಯಿಂದ ಕುಗ್ಗಿಹೋದ. "ಇಲ್ಲ... ಹೆದರಿಕೆ ಆಯ್ತು."

"ಈಗ ಕೇಳು."

ಎಲ್ಲರೆದುರೂ ಕೇಳಿದ. ಅವಳು ಸೌಟನ್ನು ಮಗನ ಕೈಗೆ ತುರುಕಿ, ಕಾನಿಯೋನ ಕೋಟಿನ ಮೇಲಿನ ಕಲೆಯನ್ನು ಏಪ್ರನ್ನಿನಿಂದ ಒರೆಸತೊಡಗಿದಳು.

"ಇದು ಹೋಗಲ್ಲ," ಎಂದಳು. "ಮದುವೆಗೆ ಬೇರೆ ಹೊಲಿಸ್ಕೋ."