ಹೆಣ್ಣುಮಕ್ಕಳ ಕೋಣೆಯ ಸರ್ವರ್

ಹೆಣ್ಣುಮಕ್ಕಳ ಕೋಣೆಯಲ್ಲಿದ್ದ ಒಂದೇ ಒಂದು ಕಂಪ್ಯೂಟರಿನಿಂದ ನೆಟ್‌ವರ್ಕ್ ಕಾರ್ಡನ್ನು ಬಿಚ್ಚಿ ಗಂಡುಹುಡುಗರ ಲ್ಯಾಬಿಗೆ ಹಾಕಿದರು. ಅಂದು ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ದಿನ.

ಬಿಚ್ಚಿಸಿದವನು ಅರಕಲಗೂಡಿನ ಆ ತರಬೇತಿ ಕೇಂದ್ರದ ಯಜಮಾನ ಕಾಂತರಾಜು. 2001ರ ಬೇಸಿಗೆ. ಹಾಸನದಿಂದ ಪರೀಕ್ಷಕರು ಬರುವವರಿದ್ದರು. ಕೇಳಿದವರಿಗೆ ಪುಟ ಒದಗಿಸುವ ಸರ್ವರ್ ಸಾಫ್ಟ್‌ವೇರ್ ಹಾಕಿ, ಅದರ ಪುಟವನ್ನು ನೆಟ್‌ವರ್ಕ್ ವಿಳಾಸ ಕೊಟ್ಟು ತೆರೆದು ತೋರಿಸಿದರೆ ಪಾಸು. ಇಲ್ಲವೋ, ವರ್ಷವಿಡೀ ಕಲಿತದ್ದು ನೀರುಪಾಲು.

"ನಾವೇನ್ ಮಾಡಾದು ಸಾ?" ಮೇಘಶ್ರೀ ಕೇಳಿದಳು. ರಾಮನಾಥಪುರದ ಕಡೆಯ ರೈತರ ಮಗಳು, ದಿನವೂ ಬಸ್ಸಿನಲ್ಲಿ ನಿಂತೇ ಬಂದು ಕಲಿತವಳು.

"ನೆಟ್‌ವರ್ಕ್ ಅಂದ್ರೆ ವೈರು ಕಣಮ್ಮ. ವೈರು ಚುಚ್ಚಾಕೆ ಕಾರ್ಡ್ ಬ್ಯಾಡ್ವಾ? ಟೈಪಿಂಗ್ ಸರ್ಟಿಫಿಕೇಟ್ ಕೊಡ್ತೀನಿ, ಇಸ್ಕಂಡು ಮನೇಗ್ ಓಗಿ. ಗಂಡಿನ ಕಡೆಯೋರಿಗೆ ತೋರ್ಸಾಕೆ ಅಷ್ಟು ಸಾಕು."

ಮೇಘಶ್ರೀ ಮನೆಗೇನೋ ಹೋದಳು. ಬೆಳಗಾಗುತ್ತಲೇ, ಜೊತೆಗೆ ಕಲಿಯುತ್ತಿದ್ದ ರುದ್ರಪಟ್ಟಣದ ಹಂಸಳನ್ನು ಕರೆದುಕೊಂಡು ಬಂದು, ಅದೇ ಕಂಪ್ಯೂಟರಿನ ಮುಂದೆ ಕೂತಳು.

ಸರ್ವರ್ ಹಾಕಹೋದರೆ, ಕಾರ್ಡೇ ಇಲ್ಲವೆಂದು ಯಂತ್ರ ಮುಖ ತಿರುಗಿಸಿತು. ಹಂಸ ಯಾರೂ ಓದದ ಹೆಲ್ಪ್ ಪುಟಗಳನ್ನು ತೆರೆದು ಸಾಲು ಸಾಲಾಗಿ ಓದತೊಡಗಿದಳು.

"ಲೂಪ್‌ಬ್ಯಾಕ್ ಅಡಾಪ್ಟರ್ ಅಂತಿದೆ ಕಣೇ. ಕಾರ್ಡ್ ಇಲ್ದೇ ಇದ್ರೂ ಇದೆ ಅಂತ ನಂಬಿಸೋ ಸಾಫ್ಟ್‌ವೇರು. ಕಳಿಸಿದ್ದೆಲ್ಲ ತಿರುಗಿ ತನಗೇ ಬರುತ್ತಂತೆ."

"ಅಂದ್ರೆ, ಇದೇ ಕೇಳ್ತದೆ, ಇದೇ ಯೋಳ್ತದೆ?"

"ನಮ್ಮ ಹಾಗೇ. ಮೇಷ್ಟ್ರು ಗಂಡುಹುಡುಗರ ಹತ್ರಾನೇ ಕೂತಿರ್ತಿದ್ದಾಗ ನಾವೇ ಕೇಳಿ ನಾವೇ ಪಾಠ ಹೇಳ್ಕೊಂಡಿಲ್ವೇ?"

ಇಬ್ಬರೂ ನಕ್ಕರು. ಆ ಹೆಸರನ್ನು ಹುಡುಕಿ ಒತ್ತಿದರು, ಯಂತ್ರ ಕೇಳಿದಾಗ ಅದರ ಜೊತೆ ಬಂದಿದ್ದ ಸಿಡಿ ಹಾಕಿದರು. ಇಲ್ಲದ ಕಾರ್ಡು ಪರದೆಯ ಮೇಲೆ ಇದೆಯೆಂದು ಬಂತು! ಅದಕ್ಕೊಂದು ವಿಳಾಸ ಕೊಟ್ಟು, ಮತ್ತೆ ಸರ್ವರ್ ಹಾಕಿದರು. ಈ ಸಲ ಯಂತ್ರ ತಕರಾರು ತೆಗೆಯಲಿಲ್ಲ. ಮೇಘಶ್ರೀ ಆ ವಿಳಾಸಕ್ಕೆ 'ಇದ್ದೀಯಾ?' ಎಂದು ಕರೆ ಕಳಿಸಿದಳು. ಅಂಕಿಯೊಂದು ತಪ್ಪಿ ಉತ್ತರವೇ ಇಲ್ಲ. ತಿದ್ದಿ ಕಳಿಸಿದಳು. ಇದ್ದೀನಿ, ಇದ್ದೀನಿ, ಇದ್ದೀನಿ ಎಂದು ಸಾಲುಗಳು ಇಳಿದವು. ಹಿಂದೆಯೇ ಸರ್ವರಿನ ಪುಟವೂ ತೆರೆದುಕೊಂಡಿತು. ಅಷ್ಟರಲ್ಲಿ ಬಂದು ಸುತ್ತ ನಿಂತಿದ್ದ ಹುಡುಗಿಯರು ಕೂಗಿದ ಕೂಗಿಗೆ ಪಕ್ಕದ ಲ್ಯಾಬಿನಲ್ಲಿ ಪರೀಕ್ಷಕರ ಕೈಯ ಟೀ ತುಳುಕಿರಬೇಕು.

ಕಾಂತರಾಜು ಓಡಿಬಂದ. ಪರದೆ ನೋಡಿ ಬಾಯಿ ಬಿಟ್ಟ. "ಕಾರ್ಡ್ ಎಲ್ಲಿ ಕದ್ರಮ್ಮಾ?"

ಮೇಘಶ್ರೀ ಕಂಪ್ಯೂಟರ್ ಡಬ್ಬದ ಬೆನ್ನನ್ನು ಅವನ ಕಡೆಗೆ ತಿರುಗಿಸಿದಳು. "ನೀವ್ ಕಿತ್ಕಂಡ್ ತೂತು ಅಂಗೇ ಅದೆ, ನೋಡ್ಕಳಿ."

"ಲೇ, ಹುಡುಗೀರೆಲ್ಲ ಗೈರು ಅಂತ ಸಾಹೇಬ್ರಿಗೆ ಹೇಳ್ಬುಟ್ಟಿದ್ದೀನಿ! ಈ ಕಡೇಗೇ ಬತ್ತಾವ್ರೆ. ಆಫ್ ಮಾಡು, ಬಿರ್ರನೆ!"

ಬೂಟಿನ ಸದ್ದು ಬಾಗಿಲ ಹತ್ತಿರ ಬಂತು. ಮೇಘಶ್ರೀ ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಒತ್ತಿ ಎಳೆದುಕೊಂಡಳು.

"ಬರ್ಲಿ ಸಾ. ಅವ್ರಿಗೇಂತ್ಲೇ ಆನ್ ಮಾಡಿರಾದು. ಆಫ್ ಮಾಡಾಕಿಲ್ಲ."